ಶೇಕಡಾ ಅಂಕಿಯೋ, ರೋಗದ ಕಾರಣವೋ: ಸೇನಾ ಅಂಗವೈಕಲ್ಯ ಪಿಂಚಣಿಯಲ್ಲಿ ಮೇಲ್ಮನವಿಯ ನಿರ್ಧಾರ

ಸೇನೆಯಿಂದ ಹೊರಬರುವ ಯೋಧರ ಕೈಗೆ ಮೆಡಿಕಲ್ ಬೋರ್ಡಿನ ನಡಾವಳಿ ಸಿಕ್ಕಾಗ ಮನೆಮಂದಿಯೆಲ್ಲ ಮೊದಲು ಹುಡುಕುವುದು ಶೇಕಡಾ ಎಷ್ಟು ಬರೆದಿದ್ದಾರೆ ಎಂಬುದನ್ನು. ಇಪ್ಪತ್ತೋ, ಮೂವತ್ತೋ, ನಲವತ್ತೋ? ಕಡಿಮೆಯಾಯಿತು ಅನ್ನಿಸಿದರೆ ಮೇಲ್ಮನವಿಯ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಆ ಮಾತು ಶುರುವಾಗಬೇಕಾದದ್ದು ಅದೇ ನಡಾವಳಿಯ ಇನ್ನೊಂದು ಅಂಕಣದಿಂದ ಎಂಬುದು ಈ ಲೇಖನದ ವಾದ. ಕಾಯಿಲೆ ಸೇವೆಯಿಂದ ಬಂದದ್ದೇ, ಸೇವೆಯಿಂದ ಉಲ್ಬಣಿಸಿದ್ದೇ, ಎರಡೂ ಅಲ್ಲವೇ ಎಂದು ಬೋರ್ಡು ಉತ್ತರಿಸುವ ಅಂಕಣ ಅದು. ನಮ್ಮ ಪಿಂಚಣಿ ನಿಯಮಗಳು ಇರುವ ರೀತಿಯಲ್ಲಿ, ಅಂಕಿಯ ಮೇಲಿನ ಜಗಳ ಬಹುಪಾಲು ಸಂದರ್ಭಗಳಲ್ಲಿ ರೂಪಾಯಿಯ ವ್ಯತ್ಯಾಸವನ್ನೂ ತರುವುದಿಲ್ಲ. ಕಾರಣದ ಮೇಲಿನ ಜಗಳ ಇಡೀ ಪಿಂಚಣಿಯನ್ನೇ ತರಬಹುದು.

ಭೂಸೇನೆಯ 1961ರ ಪಿಂಚಣಿ ನಿಯಮಾವಳಿಯ 173ನೇ ನಿಯಮ ಈ ವಿಷಯದ ಬೇರು. ಅನಾರೋಗ್ಯದಿಂದ ಸೇವೆಯಿಂದ ಬಿಡುಗಡೆಯಾದ ಸಿಪಾಯಿಗೆ ಅಂಗವೈಕಲ್ಯ ಪಿಂಚಣಿ ಸಿಗಬೇಕಾದರೆ ಎರಡು ಷರತ್ತು: ಕಾಯಿಲೆ ಅಥವಾ ಗಾಯಕ್ಕೆ ಸೇವೆಯೊಡನೆ ಸಂಬಂಧವಿರಬೇಕು, ವೈಕಲ್ಯ ಶೇಕಡಾ 20 ಅಥವಾ ಹೆಚ್ಚಿರಬೇಕು. ಅವಧಿ ಮುಗಿಸಿ ಕಡಿಮೆ ವೈದ್ಯಕೀಯ ದರ್ಜೆಯಲ್ಲಿ ನಿವೃತ್ತರಾಗುವವರನ್ನು ರಿಲೀಸ್ ಮೆಡಿಕಲ್ ಬೋರ್ಡು ನೋಡುತ್ತದೆ. ಅವಧಿಗೆ ಮುಂಚೆಯೇ ಆರೋಗ್ಯದ ಕಾರಣಕ್ಕೆ ಮನೆಗೆ ಕಳಿಸುವವರನ್ನು, ಸೈನಿಕರ ಬಾಯಲ್ಲಿ ‘ಬೋರ್ಡ್ ಔಟ್’ ಆದವರನ್ನು, ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡು ನೋಡುತ್ತದೆ. ಅಮೆರಿಕದ ಸೇನೆಯಲ್ಲಿ ಗೆರೆ ಶೇಕಡಾ 30ರಲ್ಲಿದೆ. ಸೇವಾವಧಿ ಪೂರೈಸದೆ ಅದರ ಕೆಳಗೆ ಬಿದ್ದವರಿಗೆ ಸಾಮಾನ್ಯವಾಗಿ ಒಂದೇ ಕಂತಿನ ಹಣ ಕೊಟ್ಟು ಕಳಿಸುತ್ತಾರೆ. ಆದರೆ ಅಲ್ಲಿ ಮಾಜಿ ಸೈನಿಕರ ಇಲಾಖೆ ಪ್ರತ್ಯೇಕವಾಗಿ ಮತ್ತೊಮ್ಮೆ ಮೌಲ್ಯಮಾಪನ ಮಾಡುತ್ತದೆ. ನಮ್ಮಲ್ಲಿ ಅಂಥ ಎರಡನೆಯ ಬಾಗಿಲು ಇಲ್ಲ. ಪ್ರಶ್ನಿಸದಿದ್ದರೆ ಬೋರ್ಡು ಬರೆದದ್ದೇ ಜೀವನಪೂರ್ತಿ ಜೊತೆಗಿರುತ್ತದೆ. ಆದ್ದರಿಂದ ಅದನ್ನು ಸಾಲು ಸಾಲಾಗಿ ಓದುವುದು ಇಲ್ಲಿ ಹೆಚ್ಚು ಮುಖ್ಯ.

ಲೆಕ್ಕವನ್ನು ಮೊದಲು ನೋಡೋಣ. ಜೆ.ಪಿ. ನಗರದ ಸಾರಕ್ಕಿಯಲ್ಲಿ ನೆಲೆಸಿರುವ ಹವಾಲ್ದಾರರೊಬ್ಬರಿದ್ದಾರೆ, ಅವಧಿ ಮುಗಿಸಿ 2019ರಲ್ಲಿ ನಿವೃತ್ತರಾದವರು, ಪಿಂಚಣಿಗೆ ಪರಿಗಣಿಸುವ ಅವರ ಕೊನೆಯ ವೇತನ 50,000 ರೂಪಾಯಿ ಎಂದು ಊಹಿಸಿಕೊಳ್ಳೋಣ. 2006ರ ಜನವರಿಯಿಂದ ಜಾರಿಯಲ್ಲಿರುವ ದರದಂತೆ ಶೇಕಡಾ 100 ವೈಕಲ್ಯಕ್ಕೆ ವೇತನದ ಶೇಕಡಾ 30, ಅಂದರೆ ಅವರಿಗೆ ತಿಂಗಳಿಗೆ 15,000 ರೂಪಾಯಿ. ಕಡಿಮೆ ವೈಕಲ್ಯಕ್ಕೆ ಅದೇ ಪ್ರಮಾಣದಲ್ಲಿ ಕಡಿಮೆ: ಶೇಕಡಾ 30ಕ್ಕೆ 4,500, ಶೇಕಡಾ 40ಕ್ಕೆ 6,000. ಇದು ಸೇವಾ ಪಿಂಚಣಿಯ ಮೇಲೆ ಸೇರುವ ಭಾಗ, ತುಟ್ಟಿಭತ್ಯೆ ಬೇರೆ. ಇಷ್ಟೇ ಆಗಿದ್ದರೆ ಮೂವತ್ತನ್ನು ನಲವತ್ತು ಮಾಡಿಸಿಕೊಳ್ಳಲು ಹೋರಾಡುವುದು ಸರಿಯೇ.

ಆದರೆ 2001ರ ಜನವರಿ 31ರ ರಕ್ಷಣಾ ಸಚಿವಾಲಯದ ಪತ್ರ ಈ ಲೆಕ್ಕವನ್ನು ಬದಲಿಸಿತು. ಬೋರ್ಡಿನಿಂದ ಬೋರ್ಡಿಗೆ ಅಂಕಿ ಏರುಪೇರಾಗುವ ದೋಷವನ್ನು ತಪ್ಪಿಸಲು ಶೇಕಡಾ 50ಕ್ಕಿಂತ ಕಡಿಮೆಯಿದ್ದುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ ಮೇಲಿನದನ್ನು 100 ಎಂದೂ ಪರಿಗಣಿಸಬೇಕು ಎಂದಿತು. ಸರ್ಕಾರ ಇದನ್ನು ಬೋರ್ಡ್ ಔಟ್ ಆದವರಿಗೆ ಮಾತ್ರ ಕೊಡುತ್ತಿತ್ತು. 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕು ಎಂಬ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ನಿಲುವನ್ನು ಎತ್ತಿಹಿಡಿಯಿತು. ಈಗ ನಮ್ಮ ಹವಾಲ್ದಾರರ ಲೆಕ್ಕವನ್ನು ಮತ್ತೆ ಮಾಡಿ. ಶೇಕಡಾ 30 ಇದ್ದರೂ 7,500, ಶೇಕಡಾ 40 ಆದರೂ ಅದೇ 7,500. ಅಂಕಿ ಏರಿಸಲು ಅವರು ವೆಚ್ಚ ಮಾಡುವ ಶ್ರಮವೆಲ್ಲ ವ್ಯರ್ಥ. ಬೋರ್ಡಿನ 30ರ ಅಂಕಿಯನ್ನು ಮುಟ್ಟದೆ, ಮೇಲಿನ ದರ್ಜೆಗೆ ಏರಿಸುವ ಈ ಲೆಕ್ಕವನ್ನು ಅನ್ವಯಿಸಿ ಎಂದಷ್ಟೇ ಕೇಳಿದರೆ ತಿಂಗಳಿಗೆ 3,000 ರೂಪಾಯಿ ಹೆಚ್ಚು ಬರುತ್ತದೆ. ಅವಧಿ ಮುಗಿಸಿದವರಲ್ಲಿ ಅನೇಕರಿಗೆ ಇದು ದಕ್ಕಿರುವುದು ನ್ಯಾಯಮಂಡಳಿಯ ಆದೇಶ ತಂದ ಮೇಲೆಯೇ ಎಂಬುದು ಬೇಸರದ ಸಂಗತಿ. ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾದ ವಿಷಯಕ್ಕೆ ಒಬ್ಬೊಬ್ಬ ನಿವೃತ್ತ ಸಿಪಾಯಿಯೂ ಮತ್ತೆ ವಕೀಲರನ್ನು ಹುಡುಕಬೇಕಾಗಿರುವುದು ನ್ಯಾಯವಲ್ಲ.

ಹಾಗಾದರೆ ಅಂಕಿಯ ಮೇಲೆ ಮೇಲ್ಮನವಿ ಎಂದಿಗೂ ಬೇಡವೇ? ಬೇಕು, ಆದರೆ ಮೂರು ಗಡಿಗಳ ಹತ್ತಿರ ಇದ್ದಾಗ ಮಾತ್ರ: 20, 50, 76. ಬೋರ್ಡು 45 ಎಂದು ಬರೆದಿದ್ದು, ಎರಡನೆಯ ಕಾಯಿಲೆಯೊಂದನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದರೆ, 50 ದಾಟುವುದೆಂದರೆ 75ಕ್ಕೆ ಏರುವುದು. ಹಲವು ಕಾಯಿಲೆಗಳ ಒಟ್ಟು ಅಂಕಿ ಬಿಡಿ ಅಂಕಿಗಳ ಕೂಡಿಕೆಯಲ್ಲ, ಅದಕ್ಕಿಂತ ಕಡಿಮೆ. ಹಾಗಾಗಿ ಈ ದಾಟುವಿಕೆಯನ್ನು ಮುಂಚೆಯೇ ವೈದ್ಯರ ಜೊತೆ ಕೂತು ಅಂದಾಜು ಮಾಡಬೇಕು. ಮರುಪರಿಶೀಲನಾ ಬೋರ್ಡಿನಲ್ಲಿ ಅಂಕಿ ಇಳಿಯಲೂಬಹುದು ಎಂಬುದನ್ನೂ ಮರೆಯುವಂತಿಲ್ಲ. ಗಡಿಯಿಂದ ದೂರ ಇರುವವರು ಕೈಯಲ್ಲಿರುವುದನ್ನು ಪಣಕ್ಕಿಡುವುದು ಜಾಣತನವಲ್ಲ.

ಇಪ್ಪತ್ತರ ಗಡಿ ಎಲ್ಲಕ್ಕಿಂತ ಕಠಿಣ. ಅವಧಿ ಮುಗಿಸಿದವರಿಗೆ 15ರಿಂದ 19 ಎಂದು ಬರೆದರೆ ಸಿಗುವುದು ಸೊನ್ನೆ. ಬೋರ್ಡ್ ಔಟ್ ಆದವರ ಸ್ಥಿತಿ ಬೇರೆ. ಸುಖವಿಂದರ್ ಸಿಂಗ್ ಪ್ರಕರಣದಲ್ಲಿ, 2014ರಲ್ಲಿ, ಸುಪ್ರೀಂ ಕೋರ್ಟ್ ಸರಳವಾದ ತರ್ಕ ಹೂಡಿತು: ಕೆಲಸ ಮಾಡಲಾಗದಷ್ಟು ಅನಾರೋಗ್ಯ ಎಂದು ನೀವೇ ಮನೆಗೆ ಕಳಿಸಿದ ಮೇಲೆ ವೈಕಲ್ಯ ಶೇಕಡಾ 20ಕ್ಕಿಂತ ಮೇಲೆಯೇ ಇರಬೇಕು. 2025ರ ಏಪ್ರಿಲ್ 22ರಂದು ಬಿಜೇಂದರ್ ಸಿಂಗ್ ಪ್ರಕರಣದಲ್ಲಿ ಇದೇ ತರ್ಕ ಮತ್ತೆ ನಿಂತಿತು. ಅವರು ಸಿಯಾಚಿನ್‌ನಲ್ಲಿ ದುಡಿದವರು, ಫಿಟ್ಸ್ ಕಾಣಿಸಿಕೊಂಡು 1989ರಲ್ಲಿ ಹೊರಬಂದವರು. ಬೋರ್ಡು ಕೊಟ್ಟದ್ದು ಇಪ್ಪತ್ತರೊಳಗೆ. ನ್ಯಾಯಾಲಯ ಶೇಕಡಾ 50ರ ದರದಲ್ಲಿ ಪಿಂಚಣಿ ಕೊಡಿಸಿತು. ಬೋರ್ಡ್ ಔಟ್ ಆಗಿ 20ರ ಕೆಳಗೆ ಬಿದ್ದವರು ಮೇಲ್ಮನವಿ ಮಾಡಲೇಬೇಕು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಇನ್ನು ಕಾರಣದ ಅಂಕಣ. ತಿರಸ್ಕೃತವಾದ ಬಹುಪಾಲು ಕಡತಗಳು ಎಡವಿರುವುದು ಇಲ್ಲೇ. ನಡಾವಳಿಯಲ್ಲಿ ಕಾಯಿಲೆಯ ಹೆಸರಿನ ಎದುರು ‘ಸೇವೆಯಿಂದ ಬಂದದ್ದೇ: ಇಲ್ಲ’, ‘ಸೇವೆಯಿಂದ ಉಲ್ಬಣಿಸಿದ್ದೇ: ಇಲ್ಲ’ ಎಂದು ತುಂಬಿ, ಪಕ್ಕದಲ್ಲಿ ಒಂದು ಸಾಲಿನ ವಿವರಣೆ ಇರುತ್ತದೆ. ರಕ್ತದೊತ್ತಡ, ಶೇಕಡಾ 30, ಜೀವನಪೂರ್ತಿ; ‘ಶಾಂತಿ ವಲಯದ ಠಾಣ್ಯದಲ್ಲಿ ಆರಂಭವಾದದ್ದು, ಆದ್ದರಿಂದ ಸಂಬಂಧವಿಲ್ಲ’. ಇಂಥ ಸಾಲುಗಳು ಎಷ್ಟೋ ತೀರ್ಪುಗಳಲ್ಲಿ ಉದ್ಧೃತವಾಗಿವೆ. ಹೃದ್ರೋಗವಾದರೆ, ಕಾಯಿಲೆ ಕಾಣಿಸಿದ ದಿನಕ್ಕೆ ಹಿಂದಿನ 14 ದಿನಗಳಲ್ಲಿ ಮಾಡಿದ ಕರ್ತವ್ಯದ ಪಟ್ಟಿ ತರಿಸಿ ನೋಡುತ್ತಾರೆ. ಹದಿನೈದು ವರ್ಷ ಎತ್ತರದ ಗಡಿಯಲ್ಲಿ ಕಳೆದು, ಕೊನೆಗೆ ಶಾಂತಿ ಠಾಣ್ಯಕ್ಕೆ ಬಂದ ಎರಡನೇ ತಿಂಗಳಲ್ಲಿ ಎದೆನೋವು ಬಂದರೆ ಆ 14 ದಿನ ಏನು ಹೇಳೀತು?

ಕಾನೂನು ಈ ಒಂದು ಸಾಲಿಗೆ ತೃಪ್ತವಾಗುವುದಿಲ್ಲ. 1982ರ ಅರ್ಹತಾ ನಿಯಮಗಳ 5ನೇ ನಿಯಮದಂತೆ, ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ವ್ಯಕ್ತಿ ಆಗ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. 9ನೇ ನಿಯಮದಂತೆ ಸಂಬಂಧವನ್ನು ಸಾಬೀತುಪಡಿಸುವ ಹೊಣೆ ಯೋಧನದಲ್ಲ. ಸಂಶಯವಿದ್ದರೆ ಅದರ ಲಾಭ ಅವನಿಗೆ. 14ನೇ ನಿಯಮದಂತೆ, ಸೇರುವಾಗ ಈ ಕಾಯಿಲೆಯನ್ನು ಪತ್ತೆಹಚ್ಚಲಾಗುತ್ತಿರಲಿಲ್ಲ ಎಂದು ವೈದ್ಯರು ಹೇಳುವುದಾದರೆ ಕಾರಣ ಬರೆಯಬೇಕು. ಸಿಗ್ನಲ್ಸ್ ದಳದ ಸಿಪಾಯಿ ಧರಮ್‌ವೀರ್ ಸಿಂಗ್ 1985ರಲ್ಲಿ ಸೇರಿ, ಅಪಸ್ಮಾರದ ಕಾರಣಕ್ಕೆ ಶೇಕಡಾ 20 ವೈಕಲ್ಯದೊಡನೆ 1994ರಲ್ಲಿ ಹೊರಬಂದರು. ಇದು ಶರೀರದ ಪ್ರಕೃತಿಯಿಂದ ಬಂದದ್ದು, ಸೇವೆಗೆ ಸಂಬಂಧವಿಲ್ಲ ಎಂದು ಬೋರ್ಡು ಬರೆದಿತ್ತು. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಮೇಲಿನ ಮೂರು ನಿಯಮಗಳನ್ನು ಒಟ್ಟಿಗೆ ಓದಿ, ಕಾರಣ ಕೊಡದ ಅಭಿಪ್ರಾಯವನ್ನು ಬದಿಗಿಟ್ಟು, ಪಿಂಚಣಿ ಕೊಡಿಸಿತು. ನಂತರದ ಹತ್ತಾರು ತೀರ್ಪುಗಳಿಗೆ ಇದೇ ಬುನಾದಿ.

2025ರ ಮಾರ್ಚಿನಲ್ಲಿ ಗವಾಸ್ ಅನಿಲ್ ಮಾಡ್ಸೊ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಸಕ್ಕರೆ ಕಾಯಿಲೆಗೆ ಸಂಬಂಧಿಸಿದಂತೆ, ಶಾಂತಿ ಠಾಣ್ಯದಲ್ಲಿ ಕಾಣಿಸಿತು ಎಂಬುದಷ್ಟೇ ಸೇವೆಯ ಸಂಬಂಧವನ್ನು ಕಡಿಯಲಾರದು ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ರಾಜುಮೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾರಣವಿಲ್ಲದ ಅಸ್ಪಷ್ಟ ಅಭಿಪ್ರಾಯದ ಮೇಲೆ ಪಿಂಚಣಿ ನಿರಾಕರಿಸುವಂತಿಲ್ಲ ಎಂದು ಮತ್ತೊಮ್ಮೆ ನುಡಿಯಿತು. ಹಾಗಾಗಿ ಮೇಲ್ಮನವಿಯ ಮೊದಲ ಪರೀಕ್ಷೆ ಸುಲಭ. ‘ಸಂಬಂಧವಿಲ್ಲ’ ಎಂಬುದರ ಪಕ್ಕದ ವಿವರಣೆಯನ್ನು ಓದಿ: ಅದು ಈ ಮನುಷ್ಯನ ಸೇವಾ ಚರಿತ್ರೆಯನ್ನು ಕುರಿತು ಮಾತಾಡುತ್ತಿದೆಯೇ, ಯಾವ ಕಡತಕ್ಕಾದರೂ ಅಂಟಿಸಬಹುದಾದ ಸಾಲೇ?

ಈ ಪರೀಕ್ಷೆಯಲ್ಲಿ ಬೋರ್ಡು ಗೆಲ್ಲುವ ಪ್ರಕರಣಗಳೂ ಇವೆ. 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಸ್ಕಿಜೋಫ್ರೀನಿಯಾಕ್ಕೆ ಸಂಬಂಧಿಸಿದಂತೆ ಸುಪ್ರೀಂ ಕೋರ್ಟ್ ಬೋರ್ಡಿನ ಅಭಿಪ್ರಾಯವನ್ನೇ ಒಪ್ಪಿತು. ಸೇರುವಾಗಿನ ಸಾಮಾನ್ಯ ತಪಾಸಣೆಯಲ್ಲಿ ಎಲ್ಲ ಮನೋರೋಗವೂ ಪತ್ತೆಯಾಗುವುದಿಲ್ಲ, ದಾಖಲಾಗಿಲ್ಲ ಎಂಬುದೊಂದರಿಂದಲೇ ಸೇವೆ ಕಾರಣವಾಗುವುದಿಲ್ಲ ಎಂದಿತು. ಇದಕ್ಕೆ ಮುಂಚೆ, 2013ರಲ್ಲಿ, ವೀರ್ ಪಾಲ್ ಸಿಂಗ್ ಪ್ರಕರಣದಲ್ಲಿ ಅದೇ ಕಾಯಿಲೆಗೆ ಅದೇ ನ್ಯಾಯಾಲಯ ಬೋರ್ಡಿನ ಮಾತನ್ನು ಕಣ್ಣುಮುಚ್ಚಿ ಒಪ್ಪಬಾರದೆಂದು ಮರುಪರಿಶೀಲನೆಗೆ ಕಳಿಸಿತ್ತು. ಈ ಎರಡನ್ನೂ ಬೇರ್ಪಡಿಸುವುದು ಕಾಯಿಲೆಯ ಹೆಸರಲ್ಲ, ಆಧಾರದ ಗಟ್ಟಿತನ. ದಕ್ಷಿಣ ಬೆಂಗಳೂರಿನವರಿಗೆ ಇಲ್ಲೊಂದು ಅನುಕೂಲವಿದೆ. ನಿಮ್ಹಾನ್ಸ್, ಜಯನಗರ 9ನೇ ಬ್ಲಾಕಿನ ಜಯದೇವ, ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆ ಎಲ್ಲವೂ ಸುತ್ತಮುತ್ತಲೇ ಇವೆ. ಅಲ್ಲಿಯ ತಜ್ಞರ ಬರಹ ಬೋರ್ಡಿನ ಅಭಿಪ್ರಾಯವನ್ನು ತಾನಾಗಿ ರದ್ದು ಮಾಡಲಾರದು. ಆದರೆ ಕಾಯಿಲೆ ಯಾವಾಗ ಶುರುವಾಗಿರಬಹುದು, ಒತ್ತಡ ಅಥವಾ ಎತ್ತರದ ಪ್ರದೇಶದ ವಾಸ ಅದನ್ನು ಹೇಗೆ ಹೆಚ್ಚಿಸುತ್ತದೆ ಎಂಬ ಪ್ರಶ್ನೆಗೆ ಬರೆದ ಉತ್ತರ, ಕಾರಣವಿಲ್ಲದ ಒಂದು ಸಾಲಿನ ಎದುರು ತೂಕದ್ದಾಗುತ್ತದೆ. ‘ಈಗ ಹೇಗಿದ್ದಾರೆ’ ಎಂಬ ಸರ್ಟಿಫಿಕೇಟಿನಿಂದ ಈ ಕೆಲಸ ಆಗುವುದಿಲ್ಲ.

ಕಾಲದ ಪ್ರಶ್ನೆಯನ್ನು ಜನ ಹಗುರವಾಗಿ ನೋಡುತ್ತಾರೆ. ಪಿಂಚಣಿ ನಿರಾಕರಣೆಯ ಪತ್ರ ಬಂದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ತಿರಸ್ಕೃತವಾದರೆ ಮತ್ತೆ ಆರು ತಿಂಗಳೊಳಗೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯಿದೆಯ 21 ಮತ್ತು 22ನೇ ಕಲಮುಗಳಂತೆ ಅಂತಿಮ ಆದೇಶದಿಂದ ಆರು ತಿಂಗಳು ಗಡುವು; ಮನವಿಗೆ ಆರು ತಿಂಗಳು ಉತ್ತರವೇ ಬರದಿದ್ದರೆ ನ್ಯಾಯಮಂಡಳಿಯ ದಾರಿ ತೆರೆದಂತೆಯೇ. ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ, ಪಿಂಚಣಿ ವಿಷಯದಲ್ಲಿ ಮನ್ನಿಸುವುದೂ ಉಂಟು. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ತಡವಾಗಿ ಬಂದವರಿಗೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಯ ಹಿಂದಿನ ಮೂರು ವರ್ಷಕ್ಕಷ್ಟೇ. ಇದಕ್ಕಿಂತ ಗಂಭೀರವಾದದ್ದು 2008ರ ಅರ್ಹತಾ ನಿಯಮಗಳ 7ನೇ ನಿಯಮ: ಹೊರಬಂದು 15 ವರ್ಷ ಕಳೆದು, ಸೇವಾ ದಾಖಲೆಗಳನ್ನು ಅವಧಿ ಮುಗಿದು ನಾಶಮಾಡಿದ್ದರೆ, ಸಾಬೀತುಪಡಿಸುವ ಹೊಣೆ ಯೋಧನ ತಲೆಗೆ ಬರುತ್ತದೆ. ಮೇಲ್ಮನವಿ ಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸದವರೂ ರೆಕಾರ್ಡ್ಸ್ ಕಚೇರಿಯಿಂದ ಬೋರ್ಡಿನ ನಡಾವಳಿ, ಆಸ್ಪತ್ರೆಯ ಕಾಗದ, ಠಾಣ್ಯಗಳ ಪಟ್ಟಿಯ ನಕಲನ್ನು ಕೂಡಲೇ ಕೇಳಿ ಪಡೆಯಬೇಕು. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕೇಳಬೇಕು. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಆ ದಿನದ ನಂತರ ಹೊರಬಂದವರು ಮೇಲಿನ ಲೆಕ್ಕಗಳನ್ನು ಹಾಗೆಯೇ ತಮಗೆ ಅನ್ವಯಿಸಿಕೊಳ್ಳದೆ ಹೊಸ ನಿಯಮವನ್ನು ಓದಬೇಕು.

ಕರ್ನಾಟಕದ ಪ್ರಕರಣಗಳನ್ನು ಕೇಳುವುದು ನ್ಯಾಯಮಂಡಳಿಯ ಕೊಚ್ಚಿ ಪೀಠ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಹೈಕೋರ್ಟ್ ಬಾಗಿಲಿಗೆ ಹೋಗಿ ಇಳಿಯಬಹುದು. ಆದರೆ ಸೇನಾ ಪಿಂಚಣಿಯ ಮೊದಲ ನ್ಯಾಯಪೀಠ ಬೇರೆ ರಾಜ್ಯದಲ್ಲಿದೆ. 2015ರ ಶ್ರೀಕಾಂತ್ ಶರ್ಮಾ ತೀರ್ಪಿನ ನಂತರ ಹೈಕೋರ್ಟಿನ ದಾರಿ ಬಹುಮಟ್ಟಿಗೆ ಮುಚ್ಚಿತ್ತು. 2023ರ ಮಾರ್ಚ್ 21ರ ಪರಶೋತಂ ದಾಸ್ ತೀರ್ಪು ಅದನ್ನು ಮತ್ತೆ ತೆರೆದದ್ದರಿಂದ, ಮಂಡಳಿಯಲ್ಲಿ ಸೋತವರು ದೆಹಲಿಗೆ ಹೋಗದೆ ಬೆಂಗಳೂರಿನಲ್ಲಿಯೇ ರಿಟ್ ಅರ್ಜಿ ಹಾಕಬಹುದು. ಗೆದ್ದವರ ವಿರುದ್ಧ ಸರ್ಕಾರವೂ ಅದೇ ದಾರಿ ಹಿಡಿಯಬಹುದು ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಇತ್ಯರ್ಥವಾದ ವಿಷಯಗಳಲ್ಲಿ ವಿಕಲಾಂಗ ಯೋಧರ ವಿರುದ್ಧ ಮೇಲ್ಮನವಿ ಹೂಡುವುದನ್ನು ನಿಲ್ಲಿಸಿ ಎಂದು ರಕ್ಷಣಾ ಸಚಿವರೇ ನೇಮಿಸಿದ್ದ ತಜ್ಞರ ಸಮಿತಿ 2015ರಲ್ಲಿಯೇ ಹೇಳಿತ್ತು. ಆ ಸಲಹೆ ಪೂರ್ತಿಯಾಗಿ ಪಾಲನೆಯಾಗಿದ್ದರೆ ಈ ಎಚ್ಚರಿಕೆಯೇ ಬೇಕಿರಲಿಲ್ಲ.

ವಕೀಲರ ಫೀಜಿಗೆ ಹೆದರಿ ಮನವಿ ಕೈಬಿಡುವವರಿಗೆ ಈಗ ಒಂದು ನೆರವಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈ 26ರಂದು ಆರಂಭಿಸಿದ ವೀರ ಪರಿವಾರ ಸಹಾಯತಾ ಯೋಜನೆ, ಸೈನಿಕ ಮಂಡಳಿಗಳಲ್ಲಿ ಕಾನೂನು ನೆರವು ಕೇಂದ್ರ ತೆರೆಯುವ ಉದ್ದೇಶದ್ದು. ರಾಜ್ಯದ ಸೈನಿಕ ಕಲ್ಯಾಣ ಇಲಾಖೆ ಇರುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿ, ಜಯನಗರ, ಬಿ.ಟಿ.ಎಂ. ಲೇಔಟಿನಿಂದ ದೂರವೇನಲ್ಲ. ಅಲ್ಲಿಗೆ ಹೋಗುವವರು ‘ಶೇಕಡಾ ಹೆಚ್ಚಿಸಿ’ ಎಂಬ ಅರ್ಜಿಯ ಬದಲು ಬೋರ್ಡಿನ ನಡಾವಳಿಯ ನಕಲು, ಸೇರ್ಪಡೆಯ ದಿನದ ತಪಾಸಣೆಯ ಹಾಳೆ, ಠಾಣ್ಯಗಳ ಪಟ್ಟಿ ಈ ಮೂರನ್ನು ಹಿಡಿದು ಹೋದರೆ, ಮನವಿಗೆ ನೆಲೆಯಿದೆಯೇ ಇಲ್ಲವೇ ಎಂಬುದನ್ನು ನೆರವು ವಕೀಲರು ಮೊದಲ ಭೇಟಿಯಲ್ಲಿಯೇ ಬಹುಮಟ್ಟಿಗೆ ಹೇಳಬಲ್ಲರು.