ಕಲ್ಲಿನ ಒಕ್ಕಲು

ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿ ಎಂದು ನಮ್ಮ ಹಿರಿಯರು ಆ ಶಬ್ದಕ್ಕೆ ಅರ್ಥ ಹೇಳಿದರು. ಬಂದವನ ಕುಲಗೋತ್ರಗಳನ್ನು ಕೇಳುವುದಕ್ಕೆ ಮೊದಲು ಅವನ ಕಾಲಿಗೆ ನೀರು ಕೊಡುವುದು ಗೃಹಸ್ಥಧರ್ಮ. ಆದರೆ ಬಂದವನು ಸಾಧುವೋ ಚೋರನೋ ಎಂಬುದು ತಿಳಿಯದೆ ಇದ್ದಾಗ ಗೃಹಸ್ಥನು ಏನು ಮಾಡಬೇಕು? ಈ ಹಳೆಯ ಪ್ರಶ್ನೆಯನ್ನು ಒಂದು ವಿಚಿತ್ರವಾದ ಮನೆಗೆ ಅನ್ವಯಿಸಿ ನೋಡುವುದು ಇಂದಿನ ನನ್ನ ಉದ್ದೇಶ. ಆ ಮನೆ ಗಾಜಿನದು. ಅದರ ತುಂಬ ಉಪ್ಪುನೀರು. ಮೀನುಗಳನ್ನೂ ಹವಳಗಳನ್ನೂ ಸಾಕುವ ಹವ್ಯಾಸಿ ಆ ಮನೆಯ ಯಜಮಾನ. ಅತಿಥಿಗಳು ಬರುವುದು ಒಂದು ಕಲ್ಲಿನ ಒಡಲಲ್ಲಿ ಅಡಗಿಕೊಂಡು.

ಆ ಕಲ್ಲಿಗೆ ಹವ್ಯಾಸಿಗಳು ಇಟ್ಟಿರುವ ಹೆಸರು ‘ಲೈವ್ ರಾಕ್’. ನಾವು ಜೀವಶಿಲೆ ಎನ್ನಬಹುದು. ಕಲ್ಲಿಗೇನೂ ಜೀವವಿಲ್ಲ. ಅದು ಎಂದೋ ಸತ್ತ ಹವಳದ ಅಸ್ಥಿಪಂಜರ, ಸುಣ್ಣದಿಂದಾದ ಗಂಟು. ಆದರೆ ಜೇನುಹುಟ್ಟಿನಂತೆ ರಂಧ್ರಮಯವಾದ ಆ ಗಂಟಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಂದ ಮೊದಲ್ಗೊಂಡು ಸ್ಪಂಜು, ಪಾಚಿ, ಹುಳು, ಏಡಿ, ಸಿಗಡಿ, ಬಸವನಹುಳುಗಳವರೆಗೆ ಒಂದು ಇಡೀ ಊರೇ ವಾಸವಾಗಿರುತ್ತದೆ. ಕಲ್ಲಿನೊಳಗಿನ ಕಪ್ಪೆಯನ್ನು ನೆನೆದು ನಮ್ಮ ಹರಿದಾಸರು ಬೆರಗಾದರು. ಇಲ್ಲಿರುವುದು ಕಲ್ಲಿನೊಳಗಿನ ಜನಪದ. ಕಲ್ಲನ್ನು ಕೊಂಡವನು ಅರಿತೋ ಅರಿಯದೆಯೋ ಆ ಒಕ್ಕಲನ್ನೂ ಮನೆಗೆ ತರುತ್ತಾನೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಹೊರಡಿಸಬೇಕು ಎಂಬ ಚಿಂತೆ ಅಂದಿನಿಂದಲೇ ಅವನಿಗೆ ಪ್ರಾರಂಭ. ಗಾಜಿನ ತೊಟ್ಟಿಗೆ ಎಷ್ಟು ವಯಸ್ಸೋ ಸರಿಸುಮಾರು ಈ ಚಿಂತೆಗೂ ಅಷ್ಟೇ ವಯಸ್ಸು.

ಕಥೆ 1846ರಲ್ಲಿ ಮೊದಲಾಗುತ್ತದೆ. ಆ್ಯನಾ ಥಿನ್ ಎಂಬಾಕೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಉಪಾಧಿಕಾರಿಯಾಗಿದ್ದ ಪಾದ್ರಿಯೊಬ್ಬರ ಪತ್ನಿ. ಆ ವರ್ಷ ಇಂಗ್ಲೆಂಡಿನ ದಕ್ಷಿಣದ ಟಾರ್ಕೀ ಕಡಲತೀರಕ್ಕೆ ಹೋಗಿದ್ದಾಗ ಕಲ್ಲುಹವಳದ ಜಾತಿಯ ಸಣ್ಣ ಜೀವಿಗಳು ಆಕೆಯ ಕಣ್ಣಿಗೆ ಬಿದ್ದವು. ಅವನ್ನು ಲಂಡನ್ನಿಗೆ ಒಯ್ಯಬೇಕೆಂಬ ಆಸೆ. ದಾರಿಯಲ್ಲಿ ಉರುಳಾಡಿ ನೋಯದಿರಲೆಂದು ಸೂಜಿದಾರ ಹಿಡಿದು ಆ ಜೀವಿಗಳನ್ನು ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಜಾಡಿಯಲ್ಲಿಟ್ಟು ತಂದಳು. ತಂದ ನೀರು ಎಷ್ಟು ದಿನ ಬಂದೀತು? ಕೆಡುವ ನೀರಿಗೆ ಗಾಳಿ ಬೆರೆಸುವುದಕ್ಕಾಗಿ, ಮನೆಯ ಕೆಲಸದಾಕೆ ತೆರೆದ ಕಿಟಕಿಯ ಬಳಿ ನಿಂತು ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆ ನೀರು ಸುರಿಯುತ್ತಿದ್ದಳಂತೆ. ಮರುವರ್ಷ ಥಿನ್ ಆ ಪಾತ್ರೆಗಳಿಗೆ ಕಡಲ ಸಸ್ಯಗಳನ್ನೂ ಸೇರಿಸಿದಳು. ಜೀವಿಗಳು ಮೂರು ವರ್ಷಕ್ಕೂ ಹೆಚ್ಚು ಕಾಲ ಬಾಳಿದುದಲ್ಲದೆ ಸಂಖ್ಯೆಯಲ್ಲಿಯೂ ಹೆಚ್ಚಿದವು. ಆ ವೃದ್ಧಿಯನ್ನು ಕುರಿತು ಆಕೆ ಬರೆದ ಲೇಖನ 1859ರಲ್ಲಿ ಪ್ರಕಟವಾಯಿತು. ಕಡಲಿನ ಒಂದು ತುಣುಕು ಮನೆಯೊಳಗೆ ನಿಲ್ಲಬಲ್ಲುದೆಂಬುದನ್ನು ತೋರಿಸಿಕೊಟ್ಟ ಕೀರ್ತಿ ಆಕೆಗೂ, ಹೆಸರು ಉಳಿಯದ ಆ ಕೆಲಸದಾಕೆಯ ತೋಳುಗಳಿಗೂ ಸಲ್ಲಬೇಕು.

ಇದೇ ವೇಳೆಗೆ ರಾಬರ್ಟ್ ವಾರಿಂಗ್ಟನ್ ಎಂಬ ಲಂಡನ್ನಿನ ರಸಾಯನಶಾಸ್ತ್ರಜ್ಞ ಸಿಹಿನೀರಿನಲ್ಲಿ ಪ್ರಯೋಗ ನಡೆಸಿದ್ದ. ಗಾಜಿನ ಪಾತ್ರೆಯೊಂದರಲ್ಲಿ ಎರಡು ಹೊಂಬಣ್ಣದ ಮೀನು, ಜೊತೆಗೆ ಒಂದು ನೀರುಸಸ್ಯ. ಗಿಡ ಪ್ರಾಣವಾಯುವನ್ನು ಕೊಡುತ್ತದೆ, ಮೀನು ಗಿಡವನ್ನು ಪೋಷಿಸುತ್ತದೆ, ಲೆಕ್ಕ ಸರಿಯಾಗಬೇಕಿತ್ತು. ಆಗಲಿಲ್ಲ. ಉದುರಿದ ಎಲೆಗಳು ಕೊಳೆತು ನೀರು ಬಗ್ಗಡವಾಯಿತು. ಆಗ ಅವನು ಕೊಳದ ಬಸವನಹುಳುಗಳನ್ನು ಐದಾರು ತಂದು ಬಿಟ್ಟ. ಅವು ಕೊಳೆತುದನ್ನು ತಿಂದು ನೀರನ್ನು ತಿಳಿಗೊಳಿಸಿದವು. ಅವು ಇಟ್ಟ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. 1850ರಲ್ಲಿ ಪ್ರಕಟವಾದ ಈ ವರದಿ ತೊಟ್ಟಿಯ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ಅದರಲ್ಲಿ ಮೀನು, ಗಿಡಗಳ ಗೌರವ ಎಲ್ಲರಿಗೂ ತಿಳಿಯುತ್ತದೆ. ನಾವು ಮರೆಯಬಾರದುದು ಮೂರನೆಯವನನ್ನು, ಅಂದರೆ ಅಂದಕ್ಕೆಂದು ಯಾರೂ ಸಾಕದ, ಎಂಜಲು ತಿಂದು ಮನೆಯನ್ನು ನಿಲ್ಲಿಸಿದ ಬಸವನಹುಳುವನ್ನು.

ಈ ಇಬ್ಬರ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದವನು ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆದಾಗ ಅದಕ್ಕೆ ಕಡಲ ಜೀವಿಗಳನ್ನು ಒದಗಿಸಿದವರಲ್ಲಿ ಅವನೊಬ್ಬ. 1854ರಲ್ಲಿ ಅವನ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬಂದು, ಆ ಹೆಸರೇ ನಾಡುನುಡಿಯಾಯಿತು. ಅವನು ಸುತ್ತಿಗೆ ಉಳಿಗಳನ್ನು ಹಿಡಿದು ಬಂಡೆಯನ್ನೇ ಚಕ್ಕೆಯೆಬ್ಬಿಸಿ, ಅದಕ್ಕೆ ಅಂಟಿದ ಪಾಚಿಯ ಸಮೇತ ತರುತ್ತಿದ್ದ. ಬುಡ ಕಿತ್ತರೆ ಪಾಚಿ ಬದುಕದೆಂಬುದನ್ನು ಬಲ್ಲವನಾಗಿದ್ದ. ಜೀವಶಿಲೆಯ ಉಪಯೋಗ ಹೀಗೆ ಹೆಸರಿಲ್ಲದೆಯೇ ಮೊದಲಾಯಿತು. ಅವನ ಪುಸ್ತಕವನ್ನೋದಿ ಸಾವಿರಾರು ಜನ ಬುಟ್ಟಿ ಹಿಡಿದು ಕಡಲಿಗೆ ನಡೆದರು. ಫಲವೇನಾಯಿತೆಂಬುದನ್ನು ಅವನ ಮಗ ಎಡ್ಮಂಡ್ ಗಾಸ್ 1907ರಲ್ಲಿ ತನ್ನ ‘ಫಾದರ್ ಅಂಡ್ ಸನ್’ ಎಂಬ ಪ್ರಸಿದ್ಧ ಕೃತಿಯಲ್ಲಿ ವ್ಯಥೆಯಿಂದ ಬರೆದಿದ್ದಾನೆ. ತಂದೆಯ ಬೆರಳು ಹಿಡಿದು ಬಾಲ್ಯದಲ್ಲಿ ಕಂಡ ಬಂಡೆಗುಂಡಿಗಳು ಸಂಗ್ರಾಹಕರ ದಂಡಿಗೆ ಸಿಕ್ಕಿ ಬರಿದಾಗಿದ್ದವು. ಪ್ರೀತಿಸಲು ಕಲಿಸಿದ ಗ್ರಂಥವೇ ದೋಚಲು ದಾರಿ ತೋರಿತು.

ಮುಂದೆ ಒಂದು ಶತಮಾನದ ಮೇಲೆ, ಹವ್ಯಾಸಿಗಳು ಮತ್ತೊಂದು ಕೊನೆಗೆ ಸರಿದಿದ್ದರು. ತೊಟ್ಟಿಯಲ್ಲಿ ಬೆಳ್ಳಗೆ ತೊಳೆದ ಸತ್ತ ಹವಳ, ಪಂಪು, ಜಲ್ಲಿ, ರೋಗಕ್ಕೆ ತಾಮ್ರದ ಔಷಧ. ಕರೆಯದ ಜೀವಿಗೆ ಅಲ್ಲಿ ಎಡೆಯೇ ಇರಲಿಲ್ಲ. ಕರೆತಂದ ಮೀನುಗಳೂ ಬಹುಕಾಲ ಬಾಳುತ್ತಿರಲಿಲ್ಲ. ಇಂಡೋನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬವನು 1961ರಲ್ಲಿ ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ ತನ್ನ ಕ್ರಮವನ್ನು ವಿವರಿಸಿದ. ಅದಕ್ಕೆ ಅವನಿಟ್ಟ ಹೆಸರು ‘ಪ್ರಕೃತಿಯ ಪದ್ಧತಿ’. ಕಡಲ ನೀರು, ಮೆಲ್ಲನೆ ಏಳುವ ಗಾಳಿಗುಳ್ಳೆ, ಜೀವಿಗಳು ತುಂಬಿದ ಕಲ್ಲು: ಇಷ್ಟೇ. ಇದರ ಗುಟ್ಟು ಕಲ್ಲಿನ ರಂಧ್ರಗಳಲ್ಲಿದೆ. ಮೀನಿನ ಮಲದಿಂದ ಹುಟ್ಟುವ ಅಮೋನಿಯ ವಿಷ. ಕಲ್ಲಿನ ಮೇಲ್ಪದರದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಪ್ರಾಣವಾಯು ತಲುಪದ ಒಳಪದರದಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕವಾಗಿ ಬಿಡುಗಡೆ ಮಾಡುತ್ತವೆ. ನಾವು ಕಲ್ಲೆಂದು ಕರೆಯುವುದು ಆ ಮನೆಯ ಮೂತ್ರಪಿಂಡ.

ಆದರೆ ಒಕ್ಕಲನ್ನು ಒಪ್ಪಿಕೊಳ್ಳುವುದೆಂದರೆ ಒಳ್ಳೆಯವರನ್ನು ಮಾತ್ರ ಆರಿಸಿಕೊಳ್ಳುವುದಲ್ಲ. ಒದ್ದೆ ಕಾಗದದಲ್ಲಿ ಸುತ್ತಿ ದೂರದಿಂದ ತಂದ ಕಲ್ಲಿನಲ್ಲಿ ಸ್ಪಂಜು ಮೊದಲಾದವು ದಾರಿಯಲ್ಲೇ ಸತ್ತು ನಾರುತ್ತವೆ. ಆದ್ದರಿಂದ ಬಲ್ಲವರು ಅದನ್ನು ನೇರವಾಗಿ ತೊಟ್ಟಿಗಿಳಿಸದೆ, ಬೇರೆಯಾದ ಉಪ್ಪುನೀರಿನಲ್ಲಿ ಕೆಲವು ವಾರ ಇರಿಸಿ, ಕೊಳೆತುದನ್ನು ಬ್ರಷ್ಷಿನಿಂದ ತೆಗೆದು, ಅಮೋನಿಯ ಇಳಿಯುವವರೆಗೆ ಕಾಯುತ್ತಾರೆ. ಈ ಅವಧಿಯೇ ಒಕ್ಕಲಿನ ಜನಗಣತಿಗೆ ತಕ್ಕ ಕಾಲ. ದೀಪವಾರಿಸಿ, ರಾತ್ರಿ ಮಂದವಾದ ಕೆಂಪು ಬೆಳಕಿನಲ್ಲಿ ನೋಡಿದರೆ ಹಗಲಲ್ಲಿ ಕಾಣದವರು ಹೊರಬರುತ್ತಾರೆ. ಉಪ್ಪನ್ನು ಹೆಚ್ಚಿಸಿದ ನೀರಿನಲ್ಲಿ ಕಲ್ಲನ್ನು ಸ್ವಲ್ಪ ಹೊತ್ತು ಮುಳುಗಿಸಿದರೆ ಏಡಿ ಸಿಗಡಿಗಳು ತಾವಾಗಿ ಬಿಲ ಬಿಟ್ಟು ಓಡುತ್ತವೆ.

ಹೊರಬಂದವರ ಮುಖ ನೋಡಿ ತೀರ್ಪು ಕೊಡುವಂತಿಲ್ಲ. ಬಿರುಗೂದಲಿನ ಹುಳುವನ್ನು ಕಂಡು ಹೊಸಬನು ಬೆಚ್ಚುತ್ತಾನೆ. ಮುಟ್ಟಿದರೆ ಕೂದಲು ಚರ್ಮಕ್ಕೆ ನಾಟಿ ಉರಿಯುವುದೂ ನಿಜ. ಆದರೆ ಈ ಹುಳುಗಳಲ್ಲಿ ಬಹುಪಾಲು ವಾರಿಂಗ್ಟನ್ನನ ಬಸವನಹುಳುವಿನ ದಾಯಾದಿಗಳು, ಉಳಿದ ಆಹಾರವನ್ನೂ ಸತ್ತ ಜೀವಿಗಳನ್ನೂ ತಿಂದು ತೆಗೆಯುವ ಜಾಡಮಾಲಿಗಳು. ಹವಳವನ್ನು ತಿನ್ನುವ ಬೆಂಕಿಹುಳು ಅವುಗಳಲ್ಲಿ ಒಂದು ಬಗೆ ಮಾತ್ರ. ಇದಕ್ಕೆ ತದ್ವಿರುದ್ಧವಾಗಿ ‘ಐಪ್ಟೇಸಿಯ’ ಎಂಬ ಕಂದುಬಣ್ಣದ ಸಣ್ಣ ಅನಿಮೊನಿ ಹೂವಿನಂತೆ ಚೆಲುವಾಗಿ ಅರಳುತ್ತದೆ. ಅದರ ಕುಲಕ್ಕೆ 1858ರಲ್ಲಿ ನಾಮಕರಣ ಮಾಡಿದವನು ನಮ್ಮ ಗಾಸನೇ. ಅದು ನೆರೆಯ ಹವಳಗಳನ್ನು ಕುಟುಕುತ್ತದೆ. ಕೀಳಹೋದರೆ ಪಾದದ ಚೂರೊಂದು ಕಲ್ಲಿನಲ್ಲುಳಿದು ಹೊಸ ಅನಿಮೊನಿಯಾಗುತ್ತದೆ. ಕೋಪದಿಂದ ಕಿತ್ತವನು ಒಂದನ್ನು ಹತ್ತು ಮಾಡುತ್ತಾನೆ. ಅದರ ಬಾಯಿಗೆ ಸುಣ್ಣದ ಗಟ್ಟಿ ತಿಳಿಯನ್ನಿಡುವುದು ಒಂದು ಉಪಾಯ. ಅದನ್ನೇ ತಿಂದು ಬದುಕುವ, ‘ಬರ್ಗಿಯ’ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುವನ್ನು ಬಿಡುವುದು ಇನ್ನೊಂದು.

ರಾತ್ರಿಯ ಹೊತ್ತು ತೊಟ್ಟಿಯಿಂದ ಟಕ್ ಟಕ್ಕೆಂಬ ಸದ್ದು ಬಂದರೆ ಅದು ಮ್ಯಾಂಟಿಸ್ ಸಿಗಡಿಯಿರಬಹುದು. ನಮ್ಮ ಹೊಲಗಳ ಸೂರ್ಯನ ಕುದುರೆಯಂತೆ ಮುಂಗೈ ಮಡಚಿ ಕುಳಿತುಕೊಳ್ಳುವ ಪ್ರಾಣಿ ಅದು. ಇದರ ಒಂದು ಜಾತಿಯ ಪೆಟ್ಟಿನ ವೇಗ ಸೆಕೆಂಡಿಗೆ 23 ಮೀಟರಿನವರೆಗೆ ಇದೆಯೆಂದು 2004ರಲ್ಲಿ ಪ್ರಕಟವಾದ ಅಳತೆ ತಿಳಿಸಿತು. ಚಿಪ್ಪು ಒಡೆಯುವುದು ಅದಕ್ಕೆ ಆಟ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಮತ್ಸ್ಯಾಗಾರದಲ್ಲಿ ಹವಳಗಳು ತುಂಡಾಗುತ್ತಿದ್ದುದರ ಕಾರಣ ತಿಳಿಯದೆ, ಸಿಬ್ಬಂದಿ ಕಡೆಗೆ ಕಲ್ಲುಗಳನ್ನೆಲ್ಲ ಬಿಚ್ಚಿ ನೋಡಿದರು. ಒಳಗಿದ್ದುದು ಸುಮಾರು 4 ಅಡಿ ಉದ್ದದ ದವಡೆಹುಳು. ಅದನ್ನು ಅವರು ಕೊಲ್ಲಲಿಲ್ಲ. ಬೇರೆ ತೊಟ್ಟಿಯೊಂದನ್ನು ಅದಕ್ಕೆ ಬಿಟ್ಟುಕೊಟ್ಟರು. ಗುರುತು ಸಿಕ್ಕಿದ ಮೇಲೆ ಹೊರಡಿಸುವುದಕ್ಕೂ ಒಂದು ಮರ್ಯಾದೆಯ ದಾರಿ ಸಿಗುತ್ತದೆ.

ಹೊರಡಿಸುವುದೆಂದರೆ ಕಡಲಿಗೆ ಎಸೆಯುವುದಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. 1984ರಲ್ಲಿ ಮೊನಾಕೋ ನಗರದ ಸಾಗರ ವಸ್ತುಸಂಗ್ರಹಾಲಯದ ಬುಡದ ಕಡಲಿನಲ್ಲಿ, ಮತ್ಸ್ಯಾಗಾರಗಳಲ್ಲಿ ಬೆಳೆಸುತ್ತಿದ್ದ ‘ಕಾಲರ್ಪ’ ಜಾತಿಯ ಹಸುರು ಪಾಚಿ ಕಾಣಿಸಿಕೊಂಡಿತು. ಆಗ ಅದರ ಹರವು ಸುಮಾರು ಒಂದು ಚದರ ಮೀಟರ್. ಮುಂದಿನ ಹದಿನೈದು ವರ್ಷಗಳೊಳಗೆ ಅದು ಮೆಡಿಟರೇನಿಯನ್ ತಳದಲ್ಲಿ ಸಾವಿರಾರು ಹೆಕ್ಟೇರುಗಳಿಗೆ ಹಬ್ಬಿತ್ತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯದ ಹಿನ್ನೀರಿನಲ್ಲಿ ಕಂಡಾಗ, ಮೇಲೆ ಟಾರ್ಪಾಲು ಹೊದಿಸಿ ಕೆಳಗೆ ಕ್ಲೋರಿನ್ ಹಾಯಿಸಿ ಕೊಂದರು. ನಿರ್ಮೂಲವಾಯಿತೆಂದು ಘೋಷಿಸಲು 2006ರವರೆಗೆ ಕಾಯಬೇಕಾಯಿತು. ಮನೆಯಲ್ಲಿ ಅತಿಥಿಯಾಗಿದ್ದುದು ಪರರ ಕಡಲಲ್ಲಿ ಆಕ್ರಮಣಕಾರಿಯಾಯಿತು.

ಕಲ್ಲನ್ನು ತರುವ ಹಕ್ಕೇ ಇಂದು ಪ್ರಶ್ನೆಗೊಳಗಾಗಿದೆ. ಅಮೆರಿಕದ ಫ್ಲಾರಿಡದ ಸುತ್ತಣ ಕಡಲಿನಲ್ಲಿ ನೈಸರ್ಗಿಕ ಜೀವಶಿಲೆಯನ್ನು ಕೀಳುವುದು 1997ರ ಹೊತ್ತಿಗೆ ಪೂರ್ಣವಾಗಿ ನಿಂತಿತು. ಅಲ್ಲಿ ಈಗ ಗಣಿಯ ಸುಣ್ಣಕಲ್ಲನ್ನು ಗುತ್ತಿಗೆ ಪಡೆದ ಕಡಲತಳದಲ್ಲಿ ಹಾಕಿ, ಜೀವಿಗಳು ನೆಲಸಿದ ಮೇಲೆ ಎತ್ತುತ್ತಾರೆ. ಹಾಕಿದ ಕಲ್ಲು ಅಲ್ಲಿಯದಲ್ಲವೆಂಬುದು ಗುರುತು ಸಿಗುವಂತಿರಬೇಕೆಂಬ ನಿಯಮವಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳೆಲ್ಲವೂ ಸೇರಿದವು. ಹುಲಿಗೆ ಯಾವ ರಕ್ಷಣೆಯೋ ಹವಳಕ್ಕೂ ಅದೇ ರಕ್ಷಣೆ. ಮುರುಡೇಶ್ವರದ ದಡದಿಂದ ಕಾಣುವ ನೇತ್ರಾಣಿ ದ್ವೀಪದ ಸುತ್ತಲ ಹವಳಗಳಿಗೂ ಈ ಕಾಯಿದೆ ಅನ್ವಯಿಸುತ್ತದೆ.

ಹೀಗಾಗಿ ಹಲವು ಹವ್ಯಾಸಿಗಳು ಒಣಗಿದ ನಿರ್ಜೀವ ಕಲ್ಲಿನಿಂದಲೇ ತೊಟ್ಟಿಯನ್ನು ಆರಂಭಿಸುತ್ತಾರೆ. ಅದರಲ್ಲಿ ಕಳ್ಳರಿಲ್ಲ, ಜಾಡಮಾಲಿಗಳೂ ಇಲ್ಲ. ಮನೆ ಹದಕ್ಕೆ ಬರಲು ತಿಂಗಳುಗಳು ಬೇಕು. ಅವರು ಒಂದೊಂದಾಗಿ ಬ್ಯಾಕ್ಟೀರಿಯಾವನ್ನೂ ಬಸವನಹುಳುವನ್ನೂ ಹುಡುಕಿ ತರಬೇಕಾಗುತ್ತದೆ. ನೂರೆಪ್ಪತ್ತು ವರ್ಷಗಳಿಗೂ ಮಿಕ್ಕಿದ ಈ ವಿದ್ಯೆ ಕಲಿಸಿರುವ ಪಾಠ ದೊಡ್ಡದೇನೂ ಅಲ್ಲ, ಆದರೂ ಸುಲಭವಾಗಿ ಮರೆತುಹೋಗುವಂಥದು. ಕರೆಯದೆ ಬಂದ ಜೀವಿಯ ಮೇಲೆ ಚಿಮಟ ಎತ್ತುವುದಕ್ಕೆ ಮೊದಲು ಅದರ ಹೆಸರನ್ನು ಕೇಳಬೇಕು. ಅದು ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ ಎಂಬುದನ್ನು ನಾಲ್ಕು ರಾತ್ರಿ ಎದ್ದು ಕುಳಿತಾದರೂ ನೋಡಬೇಕು. ಹೊರಡಿಸಲೇಬೇಕಾದವನನ್ನು ಆ ಮೇಲೆ ಹೊರಡಿಸಬಹುದು. ಉಳಿದವರ ಪಾಲಿಗೆ ಆ ಕಲ್ಲು ನಾವು ಕೊಳ್ಳುವುದಕ್ಕೆ ಮೊದಲೇ ಮನೆಯಾಗಿತ್ತು.