ಮಾರ್ಚ್ ತಿಂಗಳ ಬಿಸಿಲಲ್ಲಿ ಯಾರು ಯಾರನ್ನು ನೋಡಿದರು?

1930ರ ದಶಕದ ಶುರುವಿನ ಮಾತು. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಡುಗರ ಬೇಸ್‌ಬಾಲ್ ಪಂದ್ಯ ನಡೆದಿತ್ತು. ವೆಂಡೆಲ್ ಸ್ಮಿತ್ ಎಂಬ ಹುಡುಗ ಚೆಂಡೆಸೆದು ತನ್ನ ತಂಡವನ್ನು 1-0ರಿಂದ ಗೆಲ್ಲಿಸಿದ. ಪಂದ್ಯ ನೋಡಲು ಬಂದಿದ್ದವರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡದ ಸ್ಕೌಟ್ ವಿಶ್ ಈಗನ್ ಕೂಡ ಇದ್ದ. ಆಟ ಮುಗಿದ ಮೇಲೆ ಸ್ಮಿತ್‌ನ ಹತ್ತಿರ ಬಂದು, ನಿನ್ನನ್ನೂ ಸೇರಿಸಿಕೊಳ್ಳುವ ಆಸೆ ನನಗಿದೆ, ಆದರೆ ಆಗುವುದಿಲ್ಲ ಎಂಬ ಅರ್ಥದ ಮಾತು ಹೇಳಿದ. ಕಾರಣ ಸ್ಮಿತ್ ಕಪ್ಪು ಹುಡುಗ. ಅದೇ ದಿನ ಈಗನ್ ಸ್ಮಿತ್‌ನ ಚೆಂಡು ಹಿಡಿಯುತ್ತಿದ್ದ ಬಿಳಿಯ ಗೆಳೆಯ ಮೈಕ್ ಟ್ರೆಶ್‌ನನ್ನು ಆರಿಸಿಕೊಂಡ.

ಸ್ಮಿತ್ ಆಟಗಾರನಾಗುವ ಆಸೆ ಬಿಟ್ಟ. ಓದಿ ಪತ್ರಕರ್ತನಾದ. 1937ರಲ್ಲಿ ಕಪ್ಪು ಜನರ ಪತ್ರಿಕೆಯಾದ ಪಿಟ್ಸ್‌ಬರ್ಗ್ ಕೊರಿಯರ್ ಸೇರಿದ. ನಾನು ಈ ಬರಹವನ್ನು ಆಟಗಾರನಿಂದ ಶುರುಮಾಡದೆ ಪತ್ರಕರ್ತನಿಂದ ಶುರುಮಾಡಲು ಕಾರಣವಿದೆ. ಬೇಸ್‌ಬಾಲ್‌ನ ವಸಂತ ಶಿಬಿರ ಎಂದರೆ ಅರ್ಧ ಆಟ, ಇನ್ನರ್ಧ ನೋಡುವ ಕೆಲಸ. ನೋಡುವವನ ಕಣ್ಣು ಸರಿಯಿಲ್ಲದಿದ್ದರೆ ಮೈದಾನದಲ್ಲಿ ಎಂಥ ಹುಡುಗನಿದ್ದರೂ ಅಷ್ಟೆ.

ಕ್ರಿಕೆಟ್ ಮಾತ್ರ ಗೊತ್ತಿರುವ ನಮ್ಮಂಥವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಮೆರಿಕದ ಉತ್ತರದ ಊರುಗಳಲ್ಲಿ ಫೆಬ್ರವರಿಯಲ್ಲಿ ಹಿಮ. ಬೇಸ್‌ಬಾಲ್ ಋತು ಶುರುವಾಗುವುದು ವಸಂತದಲ್ಲಿ. ಅದಕ್ಕೆ ಮೊದಲಿನ ಆರು ವಾರ ತಂಡಗಳೆಲ್ಲ ಬಿಸಿಲಿರುವ ಕಡೆ, ಹೆಚ್ಚಾಗಿ ಫ್ಲಾರಿಡಾ ಮತ್ತು ಅರಿಝೋನಾ ರಾಜ್ಯಗಳಿಗೆ ಹೋಗಿ ಮೈ ಸಡಿಲಿಸಿಕೊಳ್ಳುತ್ತವೆ. 1886ರಲ್ಲಿ ಶಿಕಾಗೊ ತಂಡ ಅರ್ಕನ್ಸಾದ ಬಿಸಿನೀರಿನ ಬುಗ್ಗೆಗಳ ಊರಾದ ಹಾಟ್ ಸ್ಪ್ರಿಂಗ್ಸ್‌ಗೆ ಹೋಗಿತ್ತು. ಆಗ ಚಳಿಗಾಲದಲ್ಲಿ ಬೆಳೆದ ಹೊಟ್ಟೆ ಕರಗಿಸುವುದೇ ಮುಖ್ಯ ಉದ್ದೇಶ. ಇಲ್ಲಿ ಆಡುವ ಪಂದ್ಯಗಳ ಸೋಲು ಗೆಲುವು ಯಾವ ಪಟ್ಟಿಗೂ ಸೇರುವುದಿಲ್ಲ. ಹಾಗಾಗಿ ಜನ ಸ್ಕೋರ್ ನೋಡುವುದಿಲ್ಲ, ಹುಡುಗರನ್ನು ನೋಡುತ್ತಾರೆ. ಹೊಸಬ ಯಾರು, ಕೈ ಹೇಗಿದೆ, ಕಾಲು ಹೇಗಿದೆ, ಏಪ್ರಿಲ್‌ನಲ್ಲಿ ಉಳಿಯುತ್ತಾನೋ ಮನೆಗೆ ಹೋಗುತ್ತಾನೋ. ಸ್ಕೌಟ್‌ಗಳು ಐದು ಗುಣ ಲೆಕ್ಕ ಹಾಕುತ್ತಾರೆ: ಹೊಡೆತದ ನಿಖರತೆ, ಹೊಡೆತದ ಬಲ, ಓಟ, ಫೀಲ್ಡಿಂಗ್, ಎಸೆತ.

ಹೀಗೆ ನೋಡುವುದನ್ನು ಒಂದು ಕಾರ್ಖಾನೆಯ ಮಟ್ಟಕ್ಕೆ ಏರಿಸಿದವನು ಬ್ರಾಂಚ್ ರಿಕಿ. ಮೊದಲು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನಲ್ಲಿ, ಆಮೇಲೆ ಬ್ರೂಕ್ಲಿನ್ ಡಾಜರ್ಸ್‌ನಲ್ಲಿ. ದುಡ್ಡಿರುವ ತಂಡಗಳು ಸಿದ್ಧ ಆಟಗಾರರನ್ನು ಕೊಳ್ಳುತ್ತಿದ್ದಾಗ ಇವನು ಸಣ್ಣ ಊರುಗಳ ತಂಡಗಳನ್ನೇ ಕೊಂಡು ಅಲ್ಲಿ ಹುಡುಗರನ್ನು ಬೆಳೆಸಿದ. ಅದಕ್ಕೆ ಫಾರ್ಮ್ ಪದ್ಧತಿ ಎಂದೇ ಹೆಸರು. ನಮ್ಮೂರ ಭಾಷೆಯಲ್ಲಿ ಸಸಿಮಡಿ ಅನ್ನಬಹುದು. ನೂರು ಸಸಿ ಹಾಕು, ಹತ್ತು ನಾಟಿಗೆ ಬಂದರೆ ಸಾಕು. ರಿಕಿಗೆ ಧರ್ಮಭಕ್ತಿಯೂ ಇತ್ತು, ಜಿಪುಣತನವೂ ಇತ್ತು. 1945ರ ಅಕ್ಟೋಬರ್‌ನಲ್ಲಿ ಅವನು ಜಾಕಿ ರಾಬಿನ್ಸನ್ ಎಂಬ ಕಪ್ಪು ಆಟಗಾರನನ್ನು ತನ್ನ ಎರಡನೇ ದರ್ಜೆಯ ತಂಡ ಮಾಂಟ್ರಿಯಲ್ ರಾಯಲ್ಸ್‌ಗೆ ಸೇರಿಸಿಕೊಂಡಾಗ ಎರಡರಲ್ಲಿ ಯಾವುದು ಕೆಲಸ ಮಾಡಿತು ಎಂದು ಜನ ಇನ್ನೂ ಜಗಳ ಆಡುತ್ತಾರೆ. ನನಗೆ ಅನ್ನಿಸುವುದು, ಎರಡೂ.

ರಾಬಿನ್ಸನ್ ಹೆಸರನ್ನು ರಿಕಿಗೆ ಸೂಚಿಸಿದವರಲ್ಲಿ ಮುಖ್ಯನಾದವನು ವೆಂಡೆಲ್ ಸ್ಮಿತ್. ಅದಕ್ಕೆ ಮೊದಲು 1945ರ ಏಪ್ರಿಲ್‌ನಲ್ಲಿ ಸ್ಮಿತ್ ರಾಬಿನ್ಸನ್‌ನನ್ನೂ ಇನ್ನಿಬ್ಬರು ಕಪ್ಪು ಆಟಗಾರರನ್ನೂ ಬಾಸ್ಟನ್ ರೆಡ್ ಸಾಕ್ಸ್ ತಂಡದ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದ. ಮೂವರೂ ಆಡಿ ತೋರಿಸಿದರು. ಆಮೇಲೆ ಆ ಕಡೆಯಿಂದ ಒಂದು ಕರೆಯೂ ಬರಲಿಲ್ಲ. ಆ ತಂಡ ಮೊದಲ ಕಪ್ಪು ಆಟಗಾರನನ್ನು ಕಣಕ್ಕಿಳಿಸಿದ್ದು 1959ರಲ್ಲಿ, ಎಲ್ಲ ತಂಡಗಳಿಗಿಂತ ಕೊನೆಗೆ.

ಇನ್ನು 1946ರ ವಸಂತಕ್ಕೆ ಬರೋಣ. ರಾಬಿನ್ಸನ್‌ಗೆ ಆಗ 27 ವರ್ಷ. ಮದುವೆಯಾಗಿ ಮೂರು ವಾರವೂ ಆಗಿರಲಿಲ್ಲ. ಹೆಂಡತಿ ರೇಚಲ್ ಜತೆ ಲಾಸ್ ಏಂಜಲೀಸ್‌ನಿಂದ ಫ್ಲಾರಿಡಾದ ಡೇಟೋನಾ ಬೀಚ್‌ಗೆ ವಿಮಾನದಲ್ಲಿ ಹೊರಟ. ನ್ಯೂ ಆರ್ಲಿಯನ್ಸ್‌ನಲ್ಲಿ ಒಮ್ಮೆ ಇಳಿಸಿದರು. ಪೆನ್ಸಕೋಲಾದಲ್ಲಿ ಮತ್ತೆ ಇಳಿಸಿ ಅವರ ಸೀಟಿಗೆ ಬಿಳಿಯರನ್ನು ಹತ್ತಿಸಿದರು. ಉಳಿದ ದಾರಿ ಬಸ್ಸಿನಲ್ಲಿ, ಅದೂ ಹಿಂದಿನ ಸೀಟಿನಲ್ಲಿ. ಎರಡು ವರ್ಷ ಹಿಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದಾಗ ಬಸ್ಸಿನ ಹಿಂದಕ್ಕೆ ಹೋಗಲು ಒಪ್ಪದೆ ಸೈನಿಕ ನ್ಯಾಯಾಲಯ ಎದುರಿಸಿ, ನಿರ್ದೋಷಿ ಎನಿಸಿಕೊಂಡು ಬಂದವನು ಇವನು. ಈಗ ಹೆಂಡತಿಯ ಮುಂದೆ ಎದ್ದು ಹಿಂದಕ್ಕೆ ಹೋದ. ಜಗಳವಾಡಿದರೆ ಶಿಬಿರವೇ ಕೈ ತಪ್ಪುತ್ತದೆ. ಒಂದೂವರೆ ದಿನದ ಪ್ರಯಾಣ ಮುಗಿಸಿ ಇಳಿದಾಗ ವಾಪಸ್ ಹೋಗಿಬಿಡುತ್ತೇನೆ ಎಂದು ಸಿಟ್ಟಿನಲ್ಲಿದ್ದವನನ್ನು ಸಮಾಧಾನ ಮಾಡಿದ್ದು ಸ್ಮಿತ್ ಮತ್ತು ಅದೇ ಪತ್ರಿಕೆಯ ಫೋಟೋಗ್ರಾಫರ್ ಬಿಲ್ಲಿ ರೋ.

ಮಾಂಟ್ರಿಯಲ್ ತಂಡದ ಮೊದಲ ಅಭ್ಯಾಸ ನಡೆದದ್ದು ಹತ್ತಿರದ ಸ್ಯಾನ್‌ಫರ್ಡ್ ಎಂಬ ಕೃಷಿ ಪಟ್ಟಣದಲ್ಲಿ. ಯುದ್ಧದಿಂದ ಮರಳಿದ ನೂರಾರು ಹುಡುಗರು ಅಲ್ಲಿ ಜಾಗಕ್ಕಾಗಿ ಪೈಪೋಟಿ ನಡೆಸಿದ್ದರು. ಬಿಳಿಯ ಆಟಗಾರರಿಗೆ ಹೋಟೆಲ್. ರಾಬಿನ್ಸನ್‌ಗೆ ಊರಿನ ಕಪ್ಪು ಕುಟುಂಬವೊಂದರ ಮನೆ. ಎರಡು ದಿನ ಕಳೆಯುವಷ್ಟರಲ್ಲಿ, ಇವರನ್ನು ಊರು ಬಿಡಿಸದಿದ್ದರೆ ಗುಂಪು ಕಟ್ಟಿಕೊಂಡು ಬರುತ್ತೇವೆ ಎಂಬ ಬೆದರಿಕೆ ಬಂತು. ರಾತ್ರೋರಾತ್ರಿ ಕಾರು ಹತ್ತಿಸಿ ಡೇಟೋನಾಕ್ಕೆ ಕರೆದೊಯ್ದರು. ಡೇಟೋನಾ ಕೂಡ ಬಣ್ಣದ ಗೆರೆ ಎಳೆದ ಊರೇ. ಆದರೆ ಅಲ್ಲಿ ಮೇರಿ ಮೆಕ್ಲಿಯೋಡ್ ಬೆಥೂನ್ ಕಟ್ಟಿದ ಕಪ್ಪು ಜನರ ಕಾಲೇಜಿತ್ತು, ಕಪ್ಪು ಜನರಿಗೆ ಮತದ ಬಲ ಸ್ವಲ್ಪ ಇತ್ತು, ಮೇಯರ್ ಬಾಗಿಲು ಮುಚ್ಚಲಿಲ್ಲ. ರಾಬಿನ್ಸನ್ ದಂಪತಿ ಅಲ್ಲಿನ ಔಷಧಿ ಅಂಗಡಿಯ ಜೋ ಹ್ಯಾರಿಸ್ ಮತ್ತು ಡಫ್ ಹ್ಯಾರಿಸ್ ಮನೆಯಲ್ಲಿ ಉಳಿದರು.

ಆಟ ಹೇಗಿತ್ತು? ಹೇಳಿಕೊಳ್ಳುವಂತಿರಲಿಲ್ಲ. ನನಗೆ ಈ ಭಾಗವೇ ತುಂಬಾ ಮುಖ್ಯ. ಎಲ್ಲರ ಕಣ್ಣೂ ತನ್ನ ಮೇಲಿದೆ ಎಂದು ಗೊತ್ತಿದ್ದ ರಾಬಿನ್ಸನ್ ಮೊದಲ ದಿನಗಳಲ್ಲೇ ಜೀವ ಬಿಟ್ಟು ಎಸೆದ. ತೋಳು ಊದಿಕೊಂಡಿತು, ಎತ್ತಲಾಗಲಿಲ್ಲ. ಬೇರೆ ಹುಡುಗನಾಗಿದ್ದರೆ ಎರಡು ವಾರ ಕೂತು ಸುಧಾರಿಸಿಕೊಳ್ಳುತ್ತಿದ್ದ. ಇವನು ಕೂತರೆ, ನೋಡಿ ವಿಶೇಷ ಸವಲತ್ತು ಎನ್ನುತ್ತಾರೆ. ಹಾಗಾಗಿ ದೂರ ಎಸೆಯಬೇಕಿಲ್ಲದ ಜಾಗಗಳಲ್ಲಿ ನಿಲ್ಲಿಸಿ ಆಡಿಸಿದರು. ಬ್ಯಾಟಿಗೂ ಚೆಂಡು ಸರಿಯಾಗಿ ಸಿಗುತ್ತಿರಲಿಲ್ಲ. ರಿಕಿಯೇ ಮೈದಾನದ ಅಂಚಿಗೆ ಬಂದು ನಿಂತು, ಹೆದರಬೇಡ, ಓಡು, ಇನ್ನೂ ಧೈರ್ಯವಾಗಿ ಓಡು ಎಂದು ಹುರಿದುಂಬಿಸುತ್ತಿದ್ದ. ತಂಡದ ಮ್ಯಾನೇಜರ್ ಕ್ಲೇ ಹಾಪರ್ ಮಿಸಿಸಿಪ್ಪಿಯವನು. ಈ ಆಟಗಾರನನ್ನು ನನ್ನ ತಂಡಕ್ಕೆ ಹಾಕಬೇಡಿ ಎಂದು ರಿಕಿಯನ್ನು ಬೇಡಿಕೊಂಡಿದ್ದವನು.

ಮಾರ್ಚ್ 17ರಂದು ಡೇಟೋನಾದ ಸಿಟಿ ಐಲೆಂಡ್ ಮೈದಾನದಲ್ಲಿ ರಾಯಲ್ಸ್ ಮತ್ತು ಬ್ರೂಕ್ಲಿನ್ ಡಾಜರ್ಸ್ ನಡುವೆ ಪಂದ್ಯ. ಸುಮಾರು 4,000 ಜನ ಬಂದರು. ಕಪ್ಪು ಜನರಿಗೆ ಬೇರೆ ಮಾಡಿಟ್ಟಿದ್ದ ಜಾಗ ತುಂಬಿ ತುಳುಕಿತು. ಆ ದಿನ ರಾಬಿನ್ಸನ್‌ನ ಬ್ಯಾಟಿನಿಂದ ಒಂದೂ ಹಿಟ್ ಬರಲಿಲ್ಲ. ಆದರೂ ಪಂದ್ಯ ನಡೆಯಿತು, ಏನೂ ಗಲಾಟೆ ಆಗಲಿಲ್ಲ, ಅವತ್ತಿನ ಸುದ್ದಿ ಅದೇ. ಬೇರೆ ಊರುಗಳಲ್ಲಿ ಅಷ್ಟೂ ಆಗಲಿಲ್ಲ. ಜ್ಯಾಕ್ಸನ್‌ವಿಲ್‌ನಲ್ಲಿ ತಂಡ ಹೋಗುವ ಹೊತ್ತಿಗೆ ಮೈದಾನಕ್ಕೆ ಬೀಗ. ಡೀಲ್ಯಾಂಡ್‌ನಲ್ಲಿ ದೀಪದ ವೈರಿಂಗ್ ರಿಪೇರಿ ಎಂದು ಪಂದ್ಯ ರದ್ದು ಮಾಡಿದರು, ಪಂದ್ಯ ಇದ್ದದ್ದು ಹಗಲಿನಲ್ಲಿ! ಏಪ್ರಿಲ್‌ನಲ್ಲಿ ಸ್ಯಾನ್‌ಫರ್ಡ್‌ಗೆ ಮತ್ತೆ ಹೋದಾಗ ರಾಬಿನ್ಸನ್ ಓಡಿ ಒಂದು ರನ್ ಗಳಿಸಿದ ಮೇಲೆ ಊರಿನ ಪೊಲೀಸ್ ಮುಖ್ಯಸ್ಥ ಮೈದಾನಕ್ಕೇ ಬಂದು ಇವನನ್ನು ಹೊರಗೆ ಕಳಿಸಿ ಎಂದು ಹಾಪರ್‌ಗೆ ಹೇಳಿದ.

ವಸಂತ ಶಿಬಿರದ ಲೆಕ್ಕದ ಪ್ರಕಾರವೇ ತೀರ್ಪು ಕೊಟ್ಟಿದ್ದರೆ ರಾಬಿನ್ಸನ್ ಮನೆಗೆ ಹೋಗಬೇಕಿತ್ತು. ಏಪ್ರಿಲ್ 18ಕ್ಕೆ ಋತುವಿನ ಮೊದಲ ಪಂದ್ಯ, ಜರ್ಸಿ ಸಿಟಿಯಲ್ಲಿ. ಐದು ಸಲ ಬ್ಯಾಟಿಗೆ ನಿಂತು ನಾಲ್ಕು ಹಿಟ್, ಅದರಲ್ಲಿ ಒಂದು ಹೋಮ್ ರನ್, ಎರಡು ಬೇಸ್ ಕದ್ದ, ನಾಲ್ಕು ರನ್. ಮಾಂಟ್ರಿಯಲ್ 14-1ರಿಂದ ಗೆದ್ದಿತು. ಆ ವರ್ಷ .349 ಸರಾಸರಿಯೊಂದಿಗೆ ಲೀಗ್‌ಗೇ ಮೊದಲಿಗನಾದ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ತಂಡದಲ್ಲಿ ಕಣಕ್ಕಿಳಿದ. ಆ ಮುಂದಿನ ಕಥೆ ಎಲ್ಲರೂ ಹೇಳುವಂಥದ್ದು, ಬಿಡೋಣ.

ಸ್ಮಿತ್ ಬಗ್ಗೆ ಒಂದು ಕಸಿವಿಸಿಯ ವಿಷಯ. ಈ ಪ್ರಯಾಣಗಳಲ್ಲಿ ರಾಬಿನ್ಸನ್‌ಗೆ ಮನೆ ಹುಡುಕುವುದು, ಕಾರು ಓಡಿಸುವುದು, ಜತೆಗಿರುವುದು ಎಲ್ಲ ಅವನ ಕೆಲಸ. ಅದಕ್ಕೆ ಡಾಜರ್ಸ್ ಕ್ಲಬ್ ಅವನಿಗೆ ದುಡ್ಡು ಕೊಡುತ್ತಿತ್ತು. ಅದೇ ಹೊತ್ತಿಗೆ ಅವನು ಪತ್ರಿಕೆಗೂ ಬರೆಯುತ್ತಿದ್ದ. ನಮ್ಮ ತರಗತಿಯಲ್ಲಿ ಇದನ್ನು ಪರೀಕ್ಷೆಗೆ ಕೇಳಿದ್ದರೆ ಎಲ್ಲರೂ ಕಣ್ಣು ಮುಚ್ಚಿ ತಪ್ಪು ಎಂದು ಬರೆಯುತ್ತಿದ್ದೆವು. ನಾನೂ. ಆದರೆ ಬಿಳಿಯ ಪತ್ರಕರ್ತರು ಕೂರುವ ಪ್ರೆಸ್ ಬಾಕ್ಸ್‌ಗೆ ಅವನಿಗೆ ಪ್ರವೇಶ ಇರಲಿಲ್ಲ. ಜನರ ನಡುವೆ ಕೂತು ತೊಡೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ವರದಿ ಮಾಡಿದವನು. ದೂರ ನಿಂತು ನೋಡುವ ತಟಸ್ಥ ಜಾಗವೇ ಅವನಿಗೆ ಸಿಕ್ಕಿರಲಿಲ್ಲ. ತಾಲ್ಲೂಕು ಮಟ್ಟದ ಖೋ-ಖೋ ಆಯ್ಕೆಯ ಸುದ್ದಿ ಮಾಡಿ, ಆಯ್ಕೆಯಾದವರ ಪಟ್ಟಿಯನ್ನು ಮಾತ್ರ ಕಳಿಸಿ ಕೈ ತೊಳೆದುಕೊಂಡಿರುವ ನನಗೆ ಅವನನ್ನು ತೂಗುವ ಹಕ್ಕಿದೆಯೇ ಎಂಬ ಅನುಮಾನ ಈಗ ಬಂದಿದೆ.

ರಿಕಿ 1946ರ ಪಾಠ ಮರೆಯಲಿಲ್ಲ. 1947ರಲ್ಲಿ ಶಿಬಿರವನ್ನು ಕ್ಯೂಬಾದ ಹವಾನಾಕ್ಕೆ ಒಯ್ದ. 1948ರಲ್ಲಿ ಫ್ಲಾರಿಡಾದ ವೀರೋ ಬೀಚ್‌ನಲ್ಲಿ ಯುದ್ಧಕಾಲದ ನೌಕಾಪಡೆ ವಿಮಾನ ನೆಲೆಯನ್ನು ಹಿಡಿದು ಡಾಜರ್‌ಟೌನ್ ಮಾಡಿದ. ಸೈನಿಕರ ಬ್ಯಾರಕ್‌ಗಳಲ್ಲಿ ಕಪ್ಪು ಬಿಳಿ ಎನ್ನದೆ ಎಲ್ಲರೂ ಮಲಗಿದರು, ಒಂದೇ ಊಟದ ಮನೆಯಲ್ಲಿ ಉಂಡರು. ಗೇಟಿನಾಚೆ ಹಳೇ ಕಾನೂನೇ. ಶಿಬಿರದ ಒಳಗೂ ಪ್ರೇಕ್ಷಕರ ಜಾಗದಲ್ಲಿ ಬಣ್ಣದ ಗೆರೆ 1960ರ ದಶಕದವರೆಗೆ ಉಳಿದಿತ್ತು. ಆಡುವವರು ಒಟ್ಟಿಗೆ ಆಡಬಹುದು, ನೋಡುವವರು ಒಟ್ಟಿಗೆ ಕೂತು ನೋಡುವಂತಿಲ್ಲ. ಇದನ್ನು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಲ್ಲಿ ನೂರಾರು ಹುಡುಗರು ಬೆನ್ನಿಗೆ ನಂಬರ್ ಹಚ್ಚಿಕೊಂಡು ಬೆಳಗಿನಿಂದ ಸಂಜೆವರೆಗೆ ಮೈದಾನದಿಂದ ಮೈದಾನಕ್ಕೆ ಓಡುತ್ತಿದ್ದರು. ಜಾರುವುದನ್ನು ಕಲಿಸಲು ಮರಳಿನ ಗುಂಡಿಗಳು. ಪಿಚರ್‌ಗಳಿಗೆ ಎರಡು ಕಂಬಗಳ ನಡುವೆ ದಾರ ಕಟ್ಟಿ ಮಾಡಿದ ಚೌಕ; ಚೆಂಡು ಆ ದಾರಗಳ ಒಳಗೇ ಹೋಗಬೇಕು. ದಾರ, ಕಂಬ, ಮರಳು, ಇಷ್ಟೇ ಖರ್ಚು. ಜಿಪುಣ ರಿಕಿಗೆ ತಕ್ಕ ಯಂತ್ರ.

ಆದರೆ ಎಷ್ಟೇ ಕಣ್ಣಿಟ್ಟು ನೋಡಿದರೂ ಕಾಲ ಬರಬೇಕು. 1955ರಲ್ಲಿ ವೀರೋ ಬೀಚ್‌ಗೆ ಬಂದ ಸ್ಯಾಂಡಿ ಕೌಫ್ಯಾಕ್ಸ್ ಎಂಬ ಹತ್ತೊಂಬತ್ತರ ಎಡಗೈ ಹುಡುಗನ ಚೆಂಡಿಗೆ ಭಯಂಕರ ವೇಗ, ಗುರಿ ಮಾತ್ರ ಇಲ್ಲ. ದೊಡ್ಡ ಮೊತ್ತಕ್ಕೆ ಸೇರಿದವರನ್ನು ಕೆಳದರ್ಜೆಗೆ ಕಳಿಸಬಾರದು ಎಂಬ ಆಗಿನ ನಿಯಮದಿಂದ ಅವನಿಗೆ ಸಣ್ಣ ತಂಡದಲ್ಲಿ ಕಲಿಯುವ ಅವಕಾಶವೇ ಸಿಗಲಿಲ್ಲ. ಆರು ವರ್ಷ ಹಾಗೇ ಕಳೆದವು. 1961ರ ವಸಂತದ ಯಾವುದೋ ಲೆಕ್ಕಕ್ಕಿಲ್ಲದ ಪಂದ್ಯದಲ್ಲಿ ಕ್ಯಾಚರ್ ನಾರ್ಮ್ ಶೆರಿ ಅವನ ಹತ್ತಿರ ಹೋಗಿ, ಸ್ವಲ್ಪ ನಿಧಾನವಾಗಿ ಎಸೆದು ನೋಡು ಎಂದ. ಮುಂದಿನ ಆರು ಋತುಗಳಲ್ಲಿ ಅವನಂಥ ಪಿಚರ್ ಇನ್ನೊಬ್ಬ ಇರಲಿಲ್ಲ. ಆರು ವರ್ಷ ಕಾಯುವ ತಾಳ್ಮೆ ಎಲ್ಲರ ಪಾಲಿಗೂ ಬರುವುದಿಲ್ಲ.

ಅದಕ್ಕೇ ಜಾನ್ ರೈಟ್‌ನ ಕಥೆ ಹೇಳದೆ ನಿಲ್ಲಿಸಲಾರೆ. 1946ರಲ್ಲಿ ಸ್ಯಾನ್‌ಫರ್ಡ್‌ನಿಂದ ರಾತ್ರಿ ಹೊರಟ ಕಾರಿನಲ್ಲಿ ರಾಬಿನ್ಸನ್ ಜತೆ ಇನ್ನೊಬ್ಬ ಆಟಗಾರನೂ ಇದ್ದ. ನ್ಯೂ ಆರ್ಲಿಯನ್ಸ್‌ನ ಪಿಚರ್ ಜಾನ್ ರೈಟ್, 29 ವರ್ಷ. ಕಪ್ಪು ಜನರ ಲೀಗ್‌ನ ಹೋಮ್‌ಸ್ಟೆಡ್ ಗ್ರೇಸ್ ತಂಡದಲ್ಲಿ ಹೆಸರು ಮಾಡಿದ್ದವನು. ಅದೇ ಬೆದರಿಕೆ, ಅದೇ ಬೀಗ ಹಾಕಿದ ಮೈದಾನಗಳು. ಮಾಂಟ್ರಿಯಲ್ ತಂಡ ಅವನಿಗೆ ಕೆಲವೇ ಪಂದ್ಯ ಕೊಟ್ಟಿತು. ಆಮೇಲೆ ಕ್ವಿಬೆಕ್‌ನ ಟ್ರೋಯಿ ರಿವಿಯೆರ್ ಎಂಬ ಊರಿನ ಕೆಳದರ್ಜೆಯ ತಂಡಕ್ಕೆ ಕಳಿಸಿತು. ಒತ್ತಡ ತಡೆಯಲಿಲ್ಲ ಎಂದು ಬರೆದರು. ಬಿಳಿಯ ಪಿಚರ್ ಒಬ್ಬ ವಸಂತದಲ್ಲಿ ಗುರಿ ತಪ್ಪಿದರೆ ಅವನ ತೋಳಿನ ಬಗ್ಗೆ ಬರೆಯುತ್ತಿದ್ದರು. ಇವನ ವಿಷಯದಲ್ಲಿ ಮನಸ್ಸಿನ ಬಗ್ಗೆ ಬರೆದರು.

ಸಿಟಿ ಐಲೆಂಡ್ ಮೈದಾನಕ್ಕೆ ಈಗ ಜಾಕಿ ರಾಬಿನ್ಸನ್ ಬಾಲ್‌ಪಾರ್ಕ್ ಎಂದು ಹೆಸರು. ಹೊರಗೆ ರಾಬಿನ್ಸನ್ ಮತ್ತು ಇಬ್ಬರು ಮಕ್ಕಳ ಪ್ರತಿಮೆ ಇದೆ. ಒಳಗೆ ಇಪ್ಪತ್ತರ ಆಸುಪಾಸಿನ ಹುಡುಗರು ಇವತ್ತಿಗೂ ಕೆಳದರ್ಜೆಯ ತಂಡಕ್ಕೆ ಆಡುತ್ತಾರೆ. ರೈಟ್ 1947ರಲ್ಲಿ ಹೋಮ್‌ಸ್ಟೆಡ್ ಗ್ರೇಸ್‌ಗೆ ವಾಪಸ್ ಹೋಗಿ ಮತ್ತೆ ಚೆಂಡೆಸೆಯತೊಡಗಿದ.