ಗಡಿ ದಾಟಿದ ನೀರು: ಹೊಸೂರು ಸೀಮೆಯ ಬೇಸಾಯ ಮತ್ತು ಅಂತರ್ಜಲ

ಹೊಸೂರಿನ ಗಡಿಚರಿತ್ರೆ ಅಂದ್ರೆ ಸಾಮಾನ್ಯವಾಗಿ 1956ರ ರಾಜ್ಯ ಪುನರ್ವಿಂಗಡಣೆಯಿಂದ ಶುರು ಮಾಡ್ತೀವಿ. ನಾನು ಇಂದು ನೀರಿನಿಂದ ಶುರು ಮಾಡುತ್ತೇನೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಬರುತ್ತದೆ. 1974ರಲ್ಲಿ ಬೆಂಗಳೂರಿಗೆ ಕಾವೇರಿ ಬಂದ ಮೇಲೆ ನಗರ ಬಳಸಿ ಬಿಡುವ ನೀರೂ ಹೆಚ್ಚುತ್ತಾ ಹೋಯ್ತು. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಹರಿದು ಸೇರೋದು ಈ ಹೊಳೆಗೇ.

ರೈತನಿಗೆ ಇದು ಬೇಸಿಗೆಯಲ್ಲೂ ಸಿಗುವ ನೀರು. ಅದರೊಳಗಿನ ಸಾರಜನಕ ಬೆಳೆಗೆ ಗೊಬ್ಬರವೇ. ಆದರೆ ಅದರ ಮೇಲೆ ಯೂರಿಯಾವನ್ನೂ ಹಾಕಿದರೆ, ಬೆಳೆ ಹೀರದೆ ಉಳಿದದ್ದು ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ. ಅದನ್ನು ಮಣ್ಣು ಹಿಡಿದಿಟ್ಟುಕೊಳ್ಳೋದಿಲ್ಲ. ನೀರಿನ ಜತೆ ಬಾವಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಬಹುದು.

ಹೊಳೆಯ ನೊರೆ ಕಣ್ಣಿಗೆ ಕಾಣುತ್ತೆ, ಸುದ್ದಿಯಾಗುತ್ತೆ. ಬಾವಿಯೊಳಗಿನದು ಕಾಣದು. ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುವ ಈ ಸೀಮೆಯಲ್ಲಿ, ನೀರು ಕೊಳೆಯಾಗೋದು ಒಂದು ರಾಜ್ಯದಲ್ಲಿ, ಕುಡಿಯೋರು ಇನ್ನೊಂದರಲ್ಲಿ. ಗಡಿನಾಡಿನ ಚರಿತ್ರೆ ಬರೆಯುವವರು ಶಾಸನಗಳ ಜತೆಗೆ ಬಾವಿನೀರಿನ ಪರೀಕ್ಷಾ ವರದಿಯನ್ನೂ ಆಕರವಾಗಿ ಓದಬೇಕು ಅನ್ನೋದು ನನ್ನ ಕೋರಿಕೆ.